ಕಡಲೆಕಾಯಿ ಅಜ್ಜನ ಓದುಗರು

ಪಾರ್ಕಿನ ಗೇಟಿನ ಹತ್ತಿರ ಕಡಲೆಕಾಯಿ ಹುರಿಯುವ ಅಜ್ಜ ಕಥೆಪುಸ್ತಕವೊಂದನ್ನು ಬರೆದು, ತಾವೇ ಅಚ್ಚು ಹಾಕಿಸಿದಾಗಿನಿಂದ ಗಿರಾಕಿಗಳನ್ನು ಅಳೆದು ತೂಗಿ ನೋಡುತ್ತಾರೆ. "ಇದನ್ನ ಓದೋರು ಯಾರಜ್ಜ?" ಎಂದು ಪ್ರೆಸ್ಸಿನವನು ಕೇಳಿದ್ದಕ್ಕೆ, "ಕಡಲೆಕಾಯಿ ಹೇಳುತ್ತೆ ಬಿಡಪ್ಪ" ಎಂದಿದ್ದರಂತೆ. ಕಥೆಯ ಮೊದಲ ಪುಟವನ್ನಷ್ಟೇ ಹೆಚ್ಚಿಗೆ ಅಚ್ಚು ಹಾಕಿಸಿ, ಅದರಲ್ಲೇ ಪೊಟ್ಟಣ ಕಟ್ಟಿಕೊಟ್ಟು ಓರೆಗಣ್ಣಿನಲ್ಲಿ ಕಾಯುತ್ತಾರೆ. ತಿಂದು ಮುದುರಿ ಎಸೆದವರು ದೊಡ್ಡ ಪ್ರೊಫೆಸರೇ ಆಗಲಿ, "ಇವರು ಬರೀ ತಿನ್ನೋರು" ಎಂದು ಗೊಣಗುತ್ತಾರೆ. ಉಪ್ಪು ಕೊಡವಿ, ಕಾಗದ ಬಿಡಿಸಿ, ಬಸ್ಸು ಹೋದರೂ ಓದುತ್ತ ನಿಂತವರನ್ನು ಕಂಡರೆ ಮಾತ್ರ ಬಾಣಲೆಯಲ್ಲಿ ಕಡಲೆಕಾಯಿ ಸೀದರೂ ಪರಿವೆಯಿಲ್ಲ. ಅವರು ಓಡಿಬಂದು "ಅಜ್ಜ, ಆಮೇಲೇನಾಯ್ತು?" ಎಂದರೆ ಮುಗಿಯಿತು, ಇಡೀ ಪುಸ್ತಕ ಪುಕ್ಕಟೆ! ಅಜ್ಜ ಓದು ಕಲಿತದ್ದೇ ಇಂಥ ಪೊಟ್ಟಣದ ಕಾಗದಗಳಲ್ಲಿ; ಚಿಕ್ಕಂದಿನಲ್ಲಿ ಅವರಿಗೆ ಒಂದು ಕಥೆಯ ಕೊನೆಯೂ ಸಿಕ್ಕಿರಲಿಲ್ಲ.