ಅಡುಗೆಮನೆಯ ಪ್ರಿಂಟರ್

ಯಂತ್ರಕ್ಕೂ ಮನಸ್ಸಿರುತ್ತದೆ ಎನ್ನುವವರನ್ನು ಕಂಡರೆ ನನಗೆ ಮೊದಲು ನಗು ಬರುತ್ತಿತ್ತು. ನನ್ನ ಮನೆ ಡೊಂಬಿವಲಿಯಲ್ಲಿ, ಹತ್ತಿರದ ಠಾಣೆ ಶಹರದಲ್ಲಿ ಕಂಪ್ಯೂಟರ್ ರಿಪೇರಿಯ ಕೆಲಸ. ಕೆಟ್ಟ ಯಂತ್ರದ ಹಿಂದೆ ಯಾರದೋ ಕೈ ಇದ್ದೇ ಇರುತ್ತದೆ ಎಂಬುದು ನನ್ನ ಸಿದ್ಧಾಂತ. ಯಾರನ್ನೂ ನಂಬದಿರುವುದೇ ಈ ಕಸುಬಿನ ಅರ್ಧ ವಿದ್ಯೆ ಎಂದುಕೊಂಡಿದ್ದೆ.

ಹತ್ತು ಹನ್ನೆರಡು ವರ್ಷಗಳ ಹಿಂದೆ, ದಸರಾ ಮುಗಿದ ವಾರ, ಅಲ್ಲಿನ ನೌಪಾಡಾ ಬಡಾವಣೆಯ ಒಂದು ಉಡುಪಿ ಹೋಟೆಲಿನಿಂದ ಕರೆ ಬಂತು. ಕೌಂಟರಿನ ಕಂಪ್ಯೂಟರಿನಲ್ಲಿ ಆರ್ಡರ್ ಒತ್ತಿದರೆ ಅಡುಗೆಮನೆಯ ಪುಟ್ಟ ಪ್ರಿಂಟರಿನಲ್ಲಿ ಚೀಟಿ ಬರಬೇಕು. ಈಗ ಕಂಪ್ಯೂಟರಿಗೆ ಪ್ರಿಂಟರೇ ಕಾಣಿಸುತ್ತಿರಲಿಲ್ಲ. ಮಾಲೀಕ ಸುಧಾಕರಣ್ಣನ ಅನುಮಾನವೆಲ್ಲ ಅಡುಗೆಯ ವಾಸಣ್ಣನ ಮೇಲೆ. ಇಪ್ಪತ್ತು ವರ್ಷದಿಂದ ಅಲ್ಲಿದ್ದು, ಮಾಣಿಗಳು ಕೂಗಿದ ಆರ್ಡರುಗಳನ್ನೆಲ್ಲ ನೆನಪಿನಲ್ಲೇ ಇಟ್ಟುಕೊಳ್ಳುತ್ತಿದ್ದ ಅವರಿಗೆ ಈ ಚೀಟಿ ಕಂಡರಾಗದು. ಆಯುಧಪೂಜೆಯ ದಿನ ದೋಸೆಕಾವಲಿಗೆ, ಗ್ರೈಂಡರಿಗೆ, ಈಳಿಗೆಮಣೆಗೂ ಕುಂಕುಮ ಹಚ್ಚಿದವರು ಪ್ರಿಂಟರನ್ನು ಮಾತ್ರ ಬಿಟ್ಟು ಮುಂದೆ ಹೋದರಂತೆ. ಮರುದಿನದಿಂದಲೇ ಈ ತೊಂದರೆ.

"ಅವರೇ ವೈರ್ ಎಳೆಯೋದು ಮಾರಾಯ್ರೆ. ನೀವು ಹೌದೂಂತ ಬರೆದು ಕೊಡಿ, ನಾನು ಅವರನ್ನು ಊರಿಗೆ ಕಳಿಸ್ತೇನೆ," ಎಂದು ಹೇಳಿ ಸುಧಾಕರಣ್ಣ ಊಟಕ್ಕೆ ಮನೆಗೆ ಹೋದರು.

ನನಗೂ ಹಾಗೇ ಅನಿಸಿತ್ತು. ವಾಸಣ್ಣ ಈರುಳ್ಳಿ ಹೆಚ್ಚುತ್ತ ಓರೆಗಣ್ಣಿನಿಂದ ನನ್ನನ್ನೇ ನೋಡುತ್ತಿದ್ದರು. ನಾನೂ ಅವರ ಮೇಲೊಂದು ಕಣ್ಣಿಟ್ಟೇ ಕೆಲಸ ಮಾಡಿದೆ. ಕರೆಂಟು, ಪ್ರಿಂಟರಿನ ಸೆಟ್ಟಿಂಗು ಎಲ್ಲ ಸರಿಯಾಗಿತ್ತು. ಕಂಪ್ಯೂಟರಿನಿಂದ ಬರುವ ವೈರನ್ನು ಬದಲಿಸೋಣವೆಂದು ಹಳೆಯದನ್ನು ಪ್ರಿಂಟರಿನಿಂದ ಕಿತ್ತು ಕಿಟಕಿಯ ಸರಳಿಗೆ ನೇತುಹಾಕಿ ಕೌಂಟರಿಗೆ ಬಂದೆ. ನೋಡಿದರೆ ಪರದೆಯ ಮೇಲೆ ಪ್ರಿಂಟರ್ ಕಾಣಿಸುತ್ತಿದೆ.

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎನ್ನುತ್ತಾರಲ್ಲ, ನನ್ನೂರು ಸಿಂದಗಿಯ ಹೆಸರನ್ನು ಟೈಪ್ ಮಾಡಿ ಕಳಿಸಿದೆ. ಒಳಗೆ ಕಿರ್ರೆಂದು ಸದ್ದಾಯಿತು. ಓಡಿಹೋದೆ. ವಾಸಣ್ಣನ ಕೈಯಲ್ಲಿ ಚೀಟಿ, ಅದರಲ್ಲಿ ಸಿಂದಗಿ. ವೈರ್ ಸರಳಿನಲ್ಲೇ ನೇತಾಡುತ್ತಿತ್ತು. ಅದು ವೈರಿಲ್ಲದೆ ನಡೆಯುವ ಜಾತಿಯ ಪ್ರಿಂಟರ್ ಅಲ್ಲವೇ ಅಲ್ಲ.

"ಇದು ಎಂತ ಆರ್ಡರ್?" ಎಂದರು ವಾಸಣ್ಣ.

ವೈರ್ ಸಿಕ್ಕಿಸಿದೆ, ಪರದೆಯಿಂದ ಪ್ರಿಂಟರ್ ಮಾಯ. ಕಿತ್ತೆ, ಮತ್ತೆ ಬಂತು. ಮೂರು ಸಲ ಹೀಗೇ ಆಯಿತು. ಹಾಡಹಗಲಲ್ಲೇ ನನಗೆ ಭಯವಾಯಿತು, ಸುಳ್ಳೇಕೆ ಹೇಳಲಿ. ನಾಲ್ಕನೆಯ ಸಲ ಸಿಕ್ಕಿಸಿದಾಗ ಏನೂ ಆಗಿಲ್ಲವೆಂಬಂತೆ ಎಲ್ಲ ಸರಿಯಾಗಿ ನಡೆಯತೊಡಗಿತು.

ಅಷ್ಟರಲ್ಲಿ ಸುಧಾಕರಣ್ಣ ಬಂದರು. ಸರ್ವಿಸ್ ಫಾರಮಿನಲ್ಲಿ ಕಾರಣ ಬರೆಯಲೇಬೇಕು. ಕಂಡದ್ದನ್ನು ಬರೆದರೆ ಆಫೀಸಿನಲ್ಲಿ ನಗೆಪಾಟಲಾಗುತ್ತೇನೆ. ಕೊನೆಗೆ, ವೈರ್ ಕಿತ್ತಿದ್ದು ಕಂಡುಬಂತು ಎಂದು ಬರೆದೆ. ಕಿತ್ತವನು ನಾನೇ ಎಂದು ಬರೆಯಲಿಲ್ಲ. ಸುಧಾಕರಣ್ಣ ಅದನ್ನು ಜೋರಾಗಿ ಓದಿದ್ದೇ, ಬಾಗಿಲಲ್ಲಿ ನಿಂತಿದ್ದ ವಾಸಣ್ಣ ಸೊಂಟದ ಟವೆಲು ಬಿಚ್ಚಿ ಮಡಚತೊಡಗಿದರು.

ಅವರು ಊರಿಗೆ ಹೋದ ಮೇಲೆ ಪ್ರಿಂಟರ್ ಒಂದು ದಿನವೂ ಕೈಕೊಟ್ಟಿಲ್ಲವಂತೆ. ಸುಧಾಕರಣ್ಣ ಅದನ್ನೇ ಸಾಕ್ಷಿ ಎನ್ನುತ್ತಾರೆ. ವೈರಿಲ್ಲದೆ ಅದು ಹೇಗೆ ಚೀಟಿ ಕೊಟ್ಟಿತೆಂದು ನನಗೆ ಇಂದಿಗೂ ಗೊತ್ತಿಲ್ಲ. ಕಣ್ಣಾರೆ ಕಂಡ ಇನ್ನೊಬ್ಬರೆಂದರೆ ವಾಸಣ್ಣ ಮಾತ್ರ. ಅವರನ್ನೇ ಕೇಳೋಣವೆಂದರೆ ಯಾವ ಮುಖ ಹೊತ್ತು ಹೋಗಲಿ?