ಹಬ್ಬದ ದಿನದ ಗಿರಾಕಿ

ಊರಿನವರ ತಲೆಯನ್ನೆಲ್ಲ ಒಪ್ಪ ಮಾಡಿ ಕಳಿಸುವ ಮನುಷ್ಯ, ಹಬ್ಬದ ಮಾರನೆಯ ದಿನ ತನ್ನ ತಲೆಯನ್ನು ಮಾತ್ರ ಇಲಿ ಕಡಿದು ಬಿಟ್ಟ ಬುಟ್ಟಿಯ ಹಾಗೆ ಮಾಡಿಕೊಂಡು ಅಂಗಡಿಗೆ ಬರುತ್ತಾನೆಂದರೆ ಯಾರಿಗೆ ತಾನೇ ಕುತೂಹಲ ಹುಟ್ಟುವುದಿಲ್ಲ? ಒಂದು ಕಿವಿಯ ಮೇಲೆ ಬೋಳು, ಇನ್ನೊಂದು ಕಿವಿಯ ಮೇಲೆ ಪೊದೆ. ಹಿಂದೆ ಕತ್ತಿನ ಹತ್ತಿರ ಮೆಟ್ಟಿಲು ಮೆಟ್ಟಿಲು. ಹೊಸ ಗಿರಾಕಿಗಳು ಬಾಗಿಲಲ್ಲೇ ಅವನನ್ನು ನೋಡಿ, ಪಕ್ಕದ ಕುರ್ಚಿ ಖಾಲಿಯಾಗಲಿ ಎಂದು ಪೇಪರು ಹಿಡಿದು ಕೂತುಬಿಡುತ್ತಾರೆ. ಹಳಬರು ಸುಮ್ಮನಿರುವುದಿಲ್ಲ. "ಏನಣ್ಣಾ, ಈ ವರ್ಷದ ಫ್ಯಾಷನ್ನಾ ಇದು? ನಮಗೂ ಹಿಂಗೇ ಮಾಡಿಬಿಟ್ಟೀರಿ ಮತ್ತೆ!" ಎಂದು ಕಾಲೆಳೆಯುತ್ತಾರೆ. ಅವನು "ಹೂಂ" ಎನ್ನುತ್ತಾನೆ, ಅಷ್ಟೇ.

ಅವನಿಗೆ ಬೀದಿಯಲ್ಲಿರುವ ಹೆಸರೇ ಹೂಂ ಅಣ್ಣ. ಕ್ಷೌರದ ಅಂಗಡಿಯವರೆಂದರೆ ಕತ್ತರಿಗಿಂತ ನಾಲಿಗೆ ಚುರುಕು ಎಂದುಕೊಂಡು ಬಂದವರಿಗೆ ಇವನ ಕುರ್ಚಿಯಲ್ಲಿ ನಿರಾಸೆ ಕಾದಿರುತ್ತದೆ. ಮಾತೆಲ್ಲ ಗಿರಾಕಿಗಳದ್ದು. ಮಂಡಿನೋವು, ಅಣ್ಣತಮ್ಮಂದಿರ ಜಗಳ, ಮಗಳಿಗೆ ಬಂದ ಸಂಬಂಧ, ಎಲ್ಲವೂ ಅವನ ಕಿವಿಗೆ ಬಿದ್ದು ಅಲ್ಲೇ ಉಳಿಯುತ್ತವೆ. ಮನೆಯಲ್ಲೂ ಅದೇ ಕತೆ. "ಈ ಮನುಷ್ಯನ ಹೊಟ್ಟೇಲಿ ಏನಿದೆ ಅಂತ ತಿಳ್ಕೋಬೇಕಾದ್ರೆ ಎಕ್ಸ್‌ರೇನೇ ತೆಗೆಸಬೇಕು" ಎಂದು ಹೆಂಡತಿ ಬಂದವರೆದುರಿಗೆಲ್ಲ ಹೇಳಿಕೊಂಡು ನಗುತ್ತಾಳೆ. ನಗುವಿನೊಳಗೆ ಸ್ವಲ್ಪ ಬೇಜಾರೂ ಇತ್ತು ಎನ್ನುವುದು ಅವನಿಗೂ ಗೊತ್ತಿತ್ತು.

ಹೆಂಡತಿ ಮನೆಯಲ್ಲೇ ಬಟ್ಟೆ ಹೊಲಿಯುತ್ತಾಳೆ. ಹಬ್ಬ ಹತ್ತಿರವಾಯಿತೆಂದರೆ ಗಂಡನಿಗೆ ಊರ ತಲೆಗಳ ಚಿಂತೆ, ಹೆಂಡತಿಗೆ ಊರ ಅಂಗಿಗಳ ಚಿಂತೆ. ಎಲ್ಲರನ್ನೂ ಸಿಂಗರಿಸಿ ಹಬ್ಬಕ್ಕೆ ಕಳಿಸುವ ಹೊತ್ತಿಗೆ ಇವರಿಬ್ಬರ ಹೆಣ ಬಿದ್ದುಹೋಗಿರುತ್ತಿತ್ತು. ಆದರೂ ಮದುವೆಯಾದ ಹೊಸತರಲ್ಲಿ ಬಿಡಲಿಲ್ಲ. ಬಾಗಿಲ ತುಂಬ ದೀಪದ ಸರ ಬೇಕು, ಮಗು ಹುಟ್ಟಿದ ಮೇಲೆ ಮೂವರಿಗೂ ಒಂದೇ ಬಣ್ಣದ ಬಟ್ಟೆ ಬೇಕು, ಬೀದಿಗೆಲ್ಲ ಸಿಹಿ ಹಂಚಬೇಕು, ಸಾಲದ್ದಕ್ಕೆ ಸಂಜೆ ನೆಂಟರ ಮನೆಗಳಿಗೆಲ್ಲ ಸುತ್ತಬೇಕು. ಆಗುತ್ತಿದ್ದದ್ದೇನೆಂದರೆ, ಗಂಡ ನೆಂಟರ ಮನೆಯ ಸೋಫಾದಲ್ಲಿ ಬಾಯಿ ತೆರೆದುಕೊಂಡು ಗೊರಕೆ ಹೊಡೆಯುತ್ತಿದ್ದ, ಹೆಂಡತಿ ಸಿಕ್ಕಸಿಕ್ಕಿದ್ದಕ್ಕೆಲ್ಲ ಸಿಡುಕುತ್ತಿದ್ದಳು, ಮಗು ಚುಚ್ಚುವ ಹೊಸ ಫ್ರಾಕಿನಲ್ಲಿ ಕೈಕಾಲು ಬಡಿದು ಅಳುತ್ತಿತ್ತು. ಹಬ್ಬವೆಂದರೆ ಪಕ್ಕದ ಮನೆಯವರಿಗಿಂತ ಒಂದು ಕೈ ಮೇಲೆ ಮಾಡುವುದು ಎಂದು ನಮ್ಮ ತಲೆಗೆಲ್ಲ ತುಂಬಿದವರು ಯಾರೋ, ಅವರು ಸಿಕ್ಕಿದರೆ ನಾಲ್ಕು ಮಾತು ಕೇಳದೆ ಬಿಡಬಾರದು.

ಅದು ಬದಲಾದದ್ದು ಒಂದು ಪ್ರಶ್ನೆಯಿಂದ. ಆಗ ದೊಡ್ಡ ಮಗಳಿಗೆ ಐದು ತುಂಬಿತ್ತು. ಹೂಂ ಅಣ್ಣನಿಗೆ ಯಾವಾಗಲೂ ಕಟಿಂಗ್ ಮಾಡುತ್ತಿದ್ದ ಪಕ್ಕದ ಕುರ್ಚಿಯವನು ಹಬ್ಬಕ್ಕೆಂದು ತನ್ನ ಊರಿಗೆ ಹೋಗಿದ್ದ. ಹಾಗಾಗಿ ಹಬ್ಬದ ಬೆಳಿಗ್ಗೆ ಇವನ ತಲೆ ಕಾಡಾಗಿ ಬೆಳೆದಿತ್ತು. ಹೊಸ್ತಿಲ ಮೇಲೆ ಕೂತು ಅಪ್ಪನನ್ನೇ ನೋಡುತ್ತಿದ್ದ ಮಗಳು ಕೇಳಿದಳು:

"ಅಪ್ಪಾ, ಎಲ್ಲರಿಗೂ ನೀನು ಕಟಿಂಗ್ ಮಾಡ್ತೀಯ. ನಿಂಗೆ ಯಾರು ಮಾಡ್ತಾರೆ?"

ಅವನಿಗೆ ಏನನ್ನಿಸಿತೋ, ಎದ್ದು ಹೋಗಿ ತುದಿ ಮೊಂಡಾದ ಹಳೆಯ ಕತ್ತರಿಯೊಂದನ್ನು ಹುಡುಕಿ ತಂದು ಅವಳ ಕೈಗೆ ಕೊಟ್ಟ. ಅಡುಗೆಮನೆಯ ಸ್ಟೂಲು ಅಂಗಳಕ್ಕೆ ಬಂತು. ಕೊರಳಿಗೆ ಹಳೆಯ ಹೊದಿಕೆ ಬಂತು. ಮಗಳು ಮಣೆಯ ಮೇಲೆ ಹತ್ತಿ ನಿಂತು, ಅಪ್ಪನ ಅಂಗಡಿಯಲ್ಲಿ ಪಕ್ಕದ ಕುರ್ಚಿಯವನು ಕೇಳುವುದನ್ನು ಕಂಡಿದ್ದಳಲ್ಲ, ಥೇಟು ಅದೇ ಧಾಟಿಯಲ್ಲಿ, "ಏನ್ ಸಾರ್, ಏನು ಸಮಾಚಾರ?" ಎಂದಳು.

ಆಗ ನಡೆದದ್ದೇ ವಿಚಿತ್ರ. ಕುರ್ಚಿಯ ಹಿಂದೆ ನಿಂತು ಜೀವನವೆಲ್ಲ ಹೂಂಗುಟ್ಟಿದವನು, ಸ್ಟೂಲಿನ ಮೇಲೆ ಕೂತ ಕೂಡಲೇ ಗಿರಾಕಿಯಾಗಿಬಿಟ್ಟ. ಮಾತಾಡತೊಡಗಿದ. ತಾನು ಕೆಲಸ ಕಲಿತದ್ದು ಬಲೂನಿನ ಮೇಲೆ ಎಂದ. ಬಲೂನಿಗೆ ಸೋಪಿನ ನೊರೆ ಹಚ್ಚಿ, ಅದು ಒಡೆಯದ ಹಾಗೆ ಕತ್ತಿ ಆಡಿಸಿ ನೊರೆ ತೆಗೆಯಬೇಕಿತ್ತಂತೆ. ಮೊದಲ ಬಲೂನು ಢಬ್ ಎಂದು ಒಡೆದು ಕೆಲಸ ಕಲಿಸುವವರ ಮೀಸೆಯ ತುಂಬ ನೊರೆಯಾಗಿತ್ತಂತೆ. ಒಳಗೆ ಹೊಲಿಗೆ ಮಷೀನಿನ ಸದ್ದು ನಿಂತಿತು. ಉಳಿದುಹೋದ ಒಂದು ಅಂಗಿಗೆ ಗುಂಡಿ ಕಾಜಾ ಮಾಡುತ್ತಿದ್ದ ಹೆಂಡತಿ, ಇಷ್ಟು ವರ್ಷ ಕೇಳದ ಗಂಡನ ಕತೆಯನ್ನು ಬಾಗಿಲಿಗೆ ಒರಗಿ ನಿಂತು ಕೇಳಿದಳು. ಆ ವರ್ಷ ದೀಪದ ಸರ ಪೆಟ್ಟಿಗೆಯಿಂದ ಹೊರಗೇ ಬರಲಿಲ್ಲ, ನೆಂಟರ ಮನೆಗೂ ಹೋಗಲಿಲ್ಲ. ಸ್ಟೂಲಿನ ಸುತ್ತ ಕೂತು ಬಿಸಿ ಅನ್ನ ಸಾರು ಉಂಡು ಮಧ್ಯಾಹ್ನ ಎಲ್ಲರೂ ಮಲಗಿದರು.

ಅಲ್ಲಿಂದ ಮುಂದೆ ಅದೇ ಅವರ ಹಬ್ಬವಾಯಿತು. ಕಟ್ಟುಪಾಡೂ ತಾನಾಗಿ ಬೆಳೆಯಿತು. ಸ್ಟೂಲಿನ ಮೇಲೆ ಕೂತವರು ಕೇಳಿದ್ದಕ್ಕೆಲ್ಲ ನಿಜ ಹೇಳಬೇಕು. ಐದು ತುಂಬದವರಿಗೆ ಕತ್ತರಿ ಇಲ್ಲ, ಬರೀ ನೀರಿನ ಬಾಟಲಿ. ಹೀಗಾಗಿ ಚಿಕ್ಕ ಮಗಳು ಹುಟ್ಟಿ, ನಡೆಯಲು ಕಲಿತು, ಅಪ್ಪನ ತಲೆಗೆ ಚಿಸ್ ಚಿಸ್ ಎಂದು ನೀರು ಹೊಡೆಯುವ ಹುದ್ದೆಯಲ್ಲೇ ಹಬ್ಬಗಳನ್ನು ಕಳೆದಳು. ಪ್ರಶ್ನೆಗಳಿಗೆ ಮಾತ್ರ ವಯಸ್ಸಿನ ಲೆಕ್ಕವಿರಲಿಲ್ಲವಲ್ಲ, ಅವನ್ನು ಅವಳೇ ಹೆಚ್ಚು ಕೇಳುತ್ತಿದ್ದಳು. ಕೂದಲಿಗೆ ನೋವಾಗಲ್ವಾ? ಬೋಳುತಲೆಯವರೂ ಅಂಗಡಿಗೆ ಬರ್ತಾರಾ? ಗಿರಾಕಿ ಸುಳ್ಳು ಹೇಳಿದ್ರೆ ಗೊತ್ತಾಗುತ್ತಾ? ಕಳೆದ ವರ್ಷ ಕೇಳಿದ ಈ ಕೊನೆಯದಕ್ಕೆ ಅವನು, "ಗೊತ್ತಾಗುತ್ತೆ ಮಗಳೇ. ಬಾಯಲ್ಲಿ ಏನೂ ಇಲ್ಲ ಅಂತಾರೆ, ಕತ್ತು ಮಾತ್ರ ಕಲ್ಲಾಗಿರುತ್ತೆ" ಎಂದಿದ್ದ.

ಈ ವರ್ಷ ಚಿಕ್ಕವಳಿಗೆ ಐದು ತುಂಬಿತು. ತಿಂಗಳಿಂದ ಅವಳ ತಯಾರಿ ನಡೆದಿತ್ತು. ಮನೆಯ ಪೊರಕೆ ಮೋಟಾಯಿತು, ಗೊಂಬೆ ಬೋಳಾಯಿತು, ಅಮ್ಮನ ಅಳತೆ ಟೇಪಿನ ತುದಿಯೂ ಒಂಚೂರು ಹೋಯಿತು. ಅದೇ ಸಮಯಕ್ಕೆ ಸರಿಯಾಗಿ ಅಂಗಡಿಯ ಮಾಲೀಕರು ಹೂಂ ಅಣ್ಣನನ್ನು ಪಕ್ಕಕ್ಕೆ ಕರೆದರು. ದೊಡ್ಡ ರಸ್ತೆಯಲ್ಲಿ ಗಾಜಿನ ಬಾಗಿಲಿನ ಹೊಸ ಸಲೂನು ತೆರೆಯುತ್ತಿದ್ದೇವೆ, ಅದರ ಮುಖ್ಯಸ್ಥ ನೀವೇ ಎಂದರು.

"ಹಬ್ಬದ ಮಾರನೇ ದಿನ ನಿಮ್ಮ ಫೋಟೋ ತೆಗೆಸ್ತೀವಿ. ಗಾಜಿನ ಮೇಲೆ ದೊಡ್ಡದಾಗಿ ಅಂಟಿಸೋದು. ದಯವಿಟ್ಟು ಈ ಸಲ ಮಕ್ಕಳ ಕೈಗೆ ತಲೆ ಕೊಡಬೇಡಿ ಅಣ್ಣಾ. ಮತ್ತೆ ಅಲ್ಲಿ ವರ್ಷವಿಡೀ ಬಾಗಿಲು ತೆಗೆದಿರಬೇಕು. ಹಬ್ಬದ ದಿನಾನೂ. ಆವತ್ತೇ ಜಾಸ್ತಿ ಜನ ಬರೋದು."

ಅವನು "ಆಗಲಿ" ಎಂದುಬಿಟ್ಟ. ಬೇಡವೆನ್ನಲು ಅವನೇನು ಸನ್ಯಾಸಿಯೇ? ಕಿಟಕಿ ಪಕ್ಕದ ಒಂದೇ ಕುರ್ಚಿಯ ಹಿಂದೆ ನಿಂತು ನಿಂತು ಕಾಲಿನ ನರಗಳು ಉಬ್ಬಿದ್ದವು. ಮುಖ್ಯಸ್ಥ ಎನ್ನುವ ಮಾತು ಎಲ್ಲೋ ಒಳಗೆ ಸಿಹಿಯಾಗಿ ಇಳಿದಿತ್ತು. ಆದರೆ ಮುಂದಿನ ವರ್ಷದಿಂದ ಹಬ್ಬದ ಬೆಳಿಗ್ಗೆ ತಾನು ಮನೆಯಲ್ಲಿರುವುದಿಲ್ಲ ಎನ್ನುವುದನ್ನು ಹೆಂಡತಿಗೆ ನಾಳೆ ಹೇಳೋಣ, ನಾಡಿದ್ದು ಹೇಳೋಣ ಎಂದು ತಳ್ಳುತ್ತಲೇ ಬಂದ. ಅದನ್ನು ನುಂಗಿಕೊಂಡು, ಹಬ್ಬದ ಹಿಂದಿನ ದಿನ ಮಕ್ಕಳಿಗೆ ಅರ್ಧ ಮಾತ್ರ ಹೇಳಿದ:

"ಈ ಸಲ ಕತ್ತರಿ ಬೇಡ ಕಣ್ರಮ್ಮಾ. ಅಂಗಡಿಯವರು ನನ್ನ ಫೋಟೋ ತೆಗೀತಾರೆ."

ಚಿಕ್ಕವಳು ಅಳಲಿಲ್ಲ. ಅತ್ತಿದ್ದರೆ ಅವನು ಹೇಗಾದರೂ ಸಮಾಧಾನ ಮಾಡುತ್ತಿದ್ದ. ಅವಳು ಪ್ರಶ್ನೆ ಕೇಳಿದಳು. "ಫೋಟೋ ಯಾಕೆ? ಯಾವ ಅಂಗಡಿಗೆ? ನಾನು ಮಾಡಿದ ತಲೆ ಫೋಟೋದಲ್ಲಿ ಬರಲ್ವಾ?" ಅವನು ಹೂಂ ಹೂಂ ಎನ್ನುತ್ತ ಟವೆಲ್ಲು ಹೆಗಲ ಮೇಲೆ ಹಾಕಿಕೊಂಡು ಬಚ್ಚಲುಮನೆ ಸೇರಿಕೊಂಡ.

ಮಾರನೆಯ ಬೆಳಿಗ್ಗೆ ಎದ್ದು ನೋಡಿದರೆ ಅಂಗಳದಲ್ಲಿ ಸ್ಟೂಲು ಹಾಜರು. ಹೊದಿಕೆ, ಬಾಚಣಿಗೆ, ನೀರಿನ ಬಾಟಲಿ ಎಲ್ಲ ಹಾಜರು. ಕತ್ತರಿ ಮಾತ್ರ ಇರಲಿಲ್ಲ.

"ಬೇಡ ಅಂದಿದ್ನಲ್ಲ?" ಎಂದ.

ದೊಡ್ಡವಳು ಸೊಂಟದ ಮೇಲೆ ಕೈಯಿಟ್ಟು, "ಕತ್ತರಿ ಬೇಡ ಅಂದೆ. ಕೂರಲ್ಲ ಅಂದ್ಯಾ?" ಎಂದಳು. ಲಾಯರಾಗಬೇಕಾದವಳು. ಅವನು ಹೋಗಿ ಕೂತ. ಹೆಂಡತಿ ಒಗೆದ ಬಟ್ಟೆಗಳನ್ನು ತಂತಿಗೆ ಹರವುತ್ತಿದ್ದಳು.

ಚಿಕ್ಕವಳು ಮಣೆ ಹತ್ತಿದಳು. ಬಾಚಣಿಗೆಯಿಂದ ಅಪ್ಪನ ಕೂದಲನ್ನು ಮೆಲ್ಲಗೆ ಎತ್ತಿ ಎತ್ತಿ ನೋಡಿದಳು. ಇಷ್ಟು ವರ್ಷ ಕೆಳಗಿನಿಂದ ನೀರು ಹೊಡೆದವಳಿಗೆ ಈ ತಲೆಯ ಮೇಲ್ಭಾಗ ಹೊಸ ಊರೇ ಆಗಿತ್ತು. ನೆತ್ತಿಯ ಸುಳಿಯ ಸುತ್ತ ಬೆರಳಾಡಿಸಿದಳು. ಅಲ್ಲೊಂದು ಹಳೆಯ ಗಾಯದ ಕಲೆ ಕಂಡು ಅದನ್ನು ಒತ್ತಿ ನೋಡಿದಳು. ಆಮೇಲೆ ಗಂಟಲು ಸರಿಮಾಡಿಕೊಂಡು, "ಏನ್ ಸಾರ್, ಏನು ಸಮಾಚಾರ?" ಎಂದಳು.

"ಏನೂ ಇಲ್ಲ."

ಪುಟ್ಟ ಅಂಗೈ ಅವನ ಕತ್ತಿನ ಹಿಂಬದಿಗೆ ಬಂದು ಅಲ್ಲೇ ನಿಂತಿತು. "ಕಲ್ಲಾಗಿದೆ," ಎಂದಳು ಅವಳು ಅಕ್ಕನಿಗೆ, ಡಾಕ್ಟರಂತೆ.

ತಾನೇ ಹೇಳಿಕೊಟ್ಟ ವಿದ್ಯೆ. ಅವನಿಗೆ ಇನ್ನು ತಪ್ಪಿಸಿಕೊಳ್ಳಲು ದಾರಿಯಿರಲಿಲ್ಲ. ಹೊಸ ಸಲೂನು, ಗಾಜಿನ ಬಾಗಿಲು, ಮುಖ್ಯಸ್ಥನ ಕೆಲಸ, ಎಲ್ಲವನ್ನೂ ಹೇಳಿದ. ಕೊನೆಗೆ ನೆಲ ನೋಡಿಕೊಂಡು, "ಹಬ್ಬದ ದಿನಾನೂ ಅಲ್ಲಿ ಕೆಲಸ ಇರುತ್ತೆ. ಮುಂದಿನ ವರ್ಷದಿಂದ ನಾನು ಬೆಳಿಗ್ಗೆ ಮನೇಲಿರಲ್ಲ" ಎಂದ.

ಹೆಂಡತಿಯ ಕೈಯಲ್ಲಿದ್ದ ಒದ್ದೆ ಅಂಗಿ ಅಲ್ಲೇ ಉಳಿಯಿತು. "ಇದನ್ನ ನನಗೆ ಯಾವಾಗ ಹೇಳೋಣ ಅಂತಿದ್ರಿ?"

"ಹೇಳೋಕೆ ಧೈರ್ಯ ಬರಲಿಲ್ಲ ಕಣೇ."

ದೊಡ್ಡವಳು ಮುಖ ತಿರುಗಿಸಿಕೊಂಡು ಗೇಟಿನ ಹತ್ತಿರ ಹೋಗಿ ನಿಂತಳು. ಅವಳ ಹೆಗಲು ಸಣ್ಣಗೆ ನಡುಗುವುದು ಇಲ್ಲಿಂದಲೇ ಕಾಣುತ್ತಿತ್ತು. ಚಿಕ್ಕವಳೊಬ್ಬಳು ಮಾತ್ರ ಇನ್ನೂ ಯೋಚನೆಯಲ್ಲಿದ್ದಳು.

"ಹಬ್ಬದ ದಿನ ಆ ಅಂಗಡಿಗೆ ಯಾರು ಬರ್ತಾರೆ ಅಪ್ಪಾ?"

"ಜನ ಬರ್ತಾರಮ್ಮ."

"ಯಾಕೆ ಬರ್ತಾರೆ? ಅವರ ಮನೇಲಿ ಮಕ್ಕಳಿಲ್ವಾ?"

ಅವನಿಗೆ ಅರ್ಥವಾಗಲಿಲ್ಲ. "ಮಕ್ಕಳಿದ್ರೆ ಏನಾಯ್ತು?"

"ಹಬ್ಬದ ದಿನ ಅಪ್ಪಂದಿರಿಗೆ ಮಕ್ಕಳೇ ಅಲ್ವಾ ಕಟಿಂಗ್ ಮಾಡೋದು?"

ಗೇಟಿನ ಹತ್ತಿರ ಅಳುತ್ತಿದ್ದವಳೇ ಮೊದಲು ಕಿಸಕ್ಕೆಂದಳು. ಹೆಂಡತಿ ಬಾಯಿಗೆ ಸೆರಗು ಒತ್ತಿಕೊಂಡಳು. ಊರಲ್ಲಿರುವ ಅಷ್ಟೂ ಮನೆಗಳಲ್ಲಿ ಈ ಹೊತ್ತು ಅಷ್ಟೂ ಅಪ್ಪಂದಿರು ಕೊರಳಿಗೆ ಹೊದಿಕೆ ಸುತ್ತಿಕೊಂಡು ಸ್ಟೂಲಿನ ಮೇಲೆ ಕೂತು ತಮ್ಮ ಕತೆ ಹೇಳುತ್ತಿದ್ದಾರೆ, ಹಬ್ಬವೆಂದರೆ ಅದೇ ಎಂದು ಆ ಮಗು ಹುಟ್ಟಿದಾಗಿನಿಂದ ನಂಬಿತ್ತು. ಬೇರೆ ಹಬ್ಬವನ್ನು ಅವಳಿಗೆ ತೋರಿಸಿದವರಾದರೂ ಯಾರು?

ಹೂಂ ಅಣ್ಣನಿಗೆ ನಗು ಬರಲಿಲ್ಲ. ದೀಪದ ಸರ ಹಚ್ಚಲಾಗಲಿಲ್ಲ, ನಾಲ್ಕು ಕಡೆ ಸುತ್ತಾಡಿಸಲಾಗಲಿಲ್ಲ, ಮಕ್ಕಳಿಗೆ ನೆಟ್ಟಗೆ ಒಂದು ಹಬ್ಬ ಮಾಡಿಕೊಡಲಾಗಲಿಲ್ಲ ಎಂದು ಅವನೊಳಗೆ ಒಂದು ಕೊರಗು ಇದ್ದೇ ಇತ್ತು. ಈಗ ನೋಡಿದರೆ ಇವರಿಗೆ ಇದ್ದದ್ದೇ ಇದೊಂದು ಹಬ್ಬ, ಅದನ್ನೇ ಅವನು ಒಂದು ಮಾತಿನಲ್ಲಿ ಮಾರಿಬಂದಿದ್ದ. ಹೊದಿಕೆಯ ಒಳಗಿನಿಂದಲೇ ಕೈ ಹಾಕಿ ಜೇಬಿನ ಫೋನು ತೆಗೆದು ಮಾಲೀಕರ ನಂಬರು ಒತ್ತಿದ.

"ಅಣ್ಣಾ, ನಾನು. ಹಬ್ಬದ ದಿನ ಮಾತ್ರ ನನ್ನ ಕೈಲಿ ಬರೋಕಾಗಲ್ಲ. ಬೇರೆ ಯಾವ ದಿನ ಬೇಕಾದ್ರೂ ಕರೀರಿ." ಆ ಕಡೆಯ ಮಾತು ಬಹಳ ಹೊತ್ತು ನಡೆಯಿತು. "ಗೊತ್ತು ಅಣ್ಣಾ, ನೀವು ಹೇಳೋದು ಸರಿ. ಹಾಗಿದ್ರೆ ಬೇರೆಯವರಿಗೇ ಕೊಟ್ಬಿಡಿ. ನಾನು ಕಿಟಕಿ ಪಕ್ಕದ ಕುರ್ಚೀಲೇ ಇರ್ತೀನಿ."

"ಹೋಯ್ತಾ?" ಎಂದಳು ಹೆಂಡತಿ.

"ಹೋಯ್ತು."

ಅವಳು ಅಂಗಿಯನ್ನು ತಂತಿಗೆ ಹಾಕಿ, ಒಳಗೆ ಹೋಗಿ, ಮೊಂಡು ಕತ್ತರಿಯನ್ನು ತಂದು ಚಿಕ್ಕವಳ ಕೈಗೆ ಕೊಟ್ಟು ಅಲ್ಲೇ ನೆಲದ ಮೇಲೆ ಕೂತಳು. ದೊಡ್ಡವಳು ಕಣ್ಣೊರೆಸಿಕೊಳ್ಳುತ್ತ ಬಂದು ನೀರಿನ ಬಾಟಲಿ ಎತ್ತಿಕೊಂಡಳು.

ಚಿಕ್ಕವಳು ಕತ್ತರಿಯನ್ನು ಗಾಳಿಯಲ್ಲಿ ಎರಡು ಸಲ ಆಡಿಸಿದಳು. ಇನ್ನೇನು ಶುರುಮಾಡಬೇಕು, ಬಗ್ಗಿ ಅಪ್ಪನ ಮುಖ ನೋಡಿದಳು.

"ಸಾರ್, ಆ ಅಂಗಡಿ ನಿಮಗೆ ಬೇಕಿತ್ತಾ?"

ಸ್ಟೂಲಿನ ಮೇಲೆ ಕೂತವರು ಸುಳ್ಳು ಹೇಳುವ ಹಾಗಿಲ್ಲ. "ಬೇಕಿತ್ತು ಮಗಳೇ," ಎಂದ ಅವನು. "ತುಂಬಾನೇ ಬೇಕಿತ್ತು."

ಅವಳು ಅವನ ಕೆನ್ನೆಗೆ ತನ್ನ ಕೆನ್ನೆ ಒತ್ತಿ, "ಹಾಗಾದ್ರೆ ಸ್ವಲ್ಪಾನೇ ಕಟ್ ಮಾಡ್ತೀನಿ" ಎಂದಳು. ಎಂದವಳು ನೆಟ್ಟಗೆ ನಿಂತು, ನಾಲಿಗೆ ಕಚ್ಚಿಕೊಂಡು, ಅವನ ಹಣೆಯ ಮೇಲಿನ ಕೂದಲನ್ನು ಪೂರ್ತಿ ಮುಷ್ಟಿಯಲ್ಲಿ ಹಿಡಿದು ಬುಡದಿಂದ ಕತ್ತರಿಸಿದಳು.