ನಾನು ಹುಟ್ಟಿಸಿದ ಸೋದರಮಾವ

೧೯೪೮ರಲ್ಲಿ ನನಗೆ ಹದಿನಾರು ವರ್ಷ. ನಾವು ಆಳಂದದಲ್ಲಿದ್ದೆವು. ನಿಜಾಮನ ಆಳ್ವಿಕೆ ಮುಗಿದ, ಗದ್ದಲದ ಆ ವರ್ಷ ಸುತ್ತಲ ಹಳ್ಳಿಗಳಲ್ಲಿ ತಂದೆತಾಯಿ ಕಳೆದುಕೊಂಡ ಮಕ್ಕಳನ್ನು ಜನ ತಂದು ನನ್ನ ಸೋದರತ್ತೆಗೆ ಒಪ್ಪಿಸುತ್ತಿದ್ದರು. ಅತ್ತೆ ವಿಧವೆ, ಸ್ವಂತ ಮಕ್ಕಳಿಲ್ಲ, ನಮ್ಮ ಮನೆಯಲ್ಲೇ ಇದ್ದಳು. ಬಂದ ಮಕ್ಕಳಿಗೆ ಉಣ್ಣಿಸಿ, ತಲೆಗೆ ಎಣ್ಣೆ ಹಚ್ಚಿ, ಅವಕ್ಕೊಂದು ಕಾಯಂ ಮನೆ ಸಿಗುವತನಕ ಊರೂರು ಅಲೆಯುತ್ತಿದ್ದಳು. ಯಾರಾದರೂ ಮಗು ಬೇಕೆಂದರೆ ಅವರ ಹೊಲ, ದನ ನೋಡುತ್ತಿರಲಿಲ್ಲ. ಅವರ ಮನೆಯಲ್ಲಿ ಒಂದು ದಿನ ಇದ್ದು, ಆ ಮನೆಯ ಹೆಂಗಸು ಸಿಟ್ಟು ಬಂದಾಗ ಹೇಗೆ ಮಾತಾಡುತ್ತಾಳೆ ಅನ್ನುವುದನ್ನು ನೋಡಿ ಬರುತ್ತಿದ್ದಳು.

ಹಾಗೆ ಬಂದವರಲ್ಲಿ ಇಬ್ಬರು ಅಕ್ಕತಂಗಿಯರು. ದೊಡ್ಡವಳಿಗೆ ಒಂಬತ್ತು, ಚಿಕ್ಕವಳಿಗೆ ಮೂರು. ತಂದೆ ಗದ್ದಲದಲ್ಲಿ ಸತ್ತಿದ್ದ, ತಾಯಿ ಜ್ವರದಲ್ಲಿ. ದೊಡ್ಡವಳು ಬಂದ ವಾರದಲ್ಲೇ ನಮ್ಮ ಮನೆಯ ಕೆಲಸವೆಲ್ಲ ಕಲಿತಳು. ನಾನು ಏಳುವುದರೊಳಗೆ ನೀರು ತಂದು, ಸಗಣಿ ಬಳಿದು, ಬೀಸುವ ಕಲ್ಲಿನ ಮುಂದೆ ಕೂತಿರುತ್ತಿದ್ದಳು. ಅವೆಲ್ಲ ನನ್ನ ಕೆಲಸಗಳು. ಅವಳು ಹೋದರೆ ಮತ್ತೆ ನನ್ನ ಪಾಲಿಗೇ ಬರುತ್ತವೆ ಎಂದು ನಾನು ಆಗಲೇ ಯೋಚಿಸಿದ್ದೆ.

ಜೇವರ್ಗಿ ಕಡೆಯ ಅಂದೋಲಾದ ಒಕ್ಕಲಿನ ದಂಪತಿ ಇಬ್ಬರನ್ನೂ ಸಾಕಿಕೊಳ್ಳಲು ಒಪ್ಪಿದ್ದರು. ಅವರು ಬಂದ ದಿನ ಅತ್ತೆ ಇನ್ನೊಂದು ಮಗುವಿನ ಸಲುವಾಗಿ ಜಿಡಗಾಕ್ಕೆ ಹೋಗಿದ್ದಳು. ಹೋಗುವಾಗ, "ಅವರು ಬಂದ್ರ ಇಬ್ಬರನ್ನೂ ಕೂಡೇ ಕಳಸು" ಎಂದು ನನಗೆ ಹೇಳಿದ್ದಳು.

ಆ ಹೆಂಗಸು ಬಂದವಳೇ ಚಿಕ್ಕವಳನ್ನು ಎತ್ತಿಕೊಂಡಳು. "ದೊಡ್ಡಾಕಿ ಎಲ್ಲಿ ಅದಾಳ ತಂಗಿ?" ಎಂದು ಕೇಳಿದಳು.

"ಆಕಿ ಬರಂಗಿಲ್ರಿ ಅಕ್ಕಾರ," ಅಂದೆ. "ಆಕಿ ಸೋದರಮಾವ ಅಫಜಲಪುರದಾಗ ಅದಾನಂತ್ರಿ. ಕರಕೊಂಡು ಹೋಗಾಕ ಬರ್ತಾನ್ರಿ."

"ಮತ್ತ ಈಕಿನ್ನ?"

"ಇಬ್ಬರನ್ನ ಸಾಕೋದು ಅವನ ಕಡಿಂದ ಆಗಂಗಿಲ್ಲಂತ್ರಿ."

ಅಷ್ಟು ಸಲೀಸಾಗಿ ಸುಳ್ಳು ಬಂತು. ತಿರುಗಿ ನೋಡಿದರೆ ದೊಡ್ಡವಳು ಕೊಡ ಹೊತ್ತು ಬಾಗಿಲಲ್ಲಿ ನಿಂತಿದ್ದಳು. ಅವಳ ಮುಖ ಅರಳಿತ್ತು. "ಮಾಮಾ ಬದುಕ್ಯಾನೇನಕ್ಕ?" ಅಂದಳು. ಅವಳಿಗೆ ನಿಜವಾಗಿಯೂ ಒಬ್ಬ ಮಾವನಿದ್ದನೆಂಬುದು ನನಗೆ ಗೊತ್ತಿರಲಿಲ್ಲ. ನಾನು ಹೂಂ ಅಂದೆ.

ತಂಗಿಯನ್ನು ಕಳಿಸುವಾಗ ಅವಳು ಅಳಲಿಲ್ಲ. ಮಾವ ಬಂದಮೇಲೆ ಅವನೂ ತಾನೂ ಹೋಗಿ ತಂಗಿಯನ್ನು ನೋಡಿ ಬರಬಹುದು ಎಂದುಕೊಂಡಿದ್ದಳು. "ರೊಟ್ಟಿ ಹಾಲಾಗ ಮೆತ್ತಗ ಮಾಡಿ ಕೊಡ್ರಿ, ಒಣಾದು ತಿನ್ನಂಗಿಲ್ಲ" ಎಂದು ಆ ಹೆಂಗಸಿಗೆ ಹೇಳಿದಳು.

ಅತ್ತೆ ಮರಳಿದಾಗ, "ಅವರು ಸಣ್ಣಾಕಿ ಒಬ್ಬಾಕಿನೇ ಸಾಕಂದ್ರು" ಅಂದೆ. ಅತ್ತೆ ತಾನು ಜನರನ್ನು ತಪ್ಪಾಗಿ ಅಳೆದೆ ಎಂದು ತನ್ನನ್ನೇ ಬೈದುಕೊಂಡಳು. ದೊಡ್ಡವಳಿಗೆ ನಾನು, "ಮಾಮಾ ಬರೋತನಕ ಅತ್ತಿ ಮುಂದ ಬಾಯಿ ಬಿಡಬ್ಯಾಡ" ಎಂದು ಹೇಳಿಟ್ಟೆ. ಅವಳು ಹಾಗೆಯೇ ನಡೆದುಕೊಂಡಳು. ಹಿಟ್ಟು ಬೀಸುತ್ತ ನನ್ನೊಬ್ಬಳಿಗೆ ಮಾತ್ರ ಮಾವನ ಸುದ್ದಿ ಹೇಳುತ್ತಿದ್ದಳು: ಅವನು ಕುಂಟುತ್ತಾನೆ, ಅದಕ್ಕೇ ತಡವಾಗಿರಬೇಕು. ನಾನು ಜೋಳ ಹಸನು ಮಾಡುತ್ತ ಕೇಳುತ್ತಿದ್ದೆ. ಒಮ್ಮೆಯೂ ನಿಜ ಹೇಳಲಿಲ್ಲ.

ಎರಡು ತಿಂಗಳಾಗಿತ್ತು. ಒಂದು ದಿನ ಅವಳು ತಡೆಯಲಾರದೆ ಅತ್ತೆಯನ್ನೇ ಕೇಳಿಬಿಟ್ಟಳು. "ಅತ್ತಿ, ಅಫಜಲಪುರದಿಂದ ಬರೋ ಹಾದಿ ಯಾವುದು?"

"ಯಾಕವ್ವ?"

ಅವಳು ಎಲ್ಲವನ್ನೂ ಹೇಳಿದಳು. ಅತ್ತೆ ನನ್ನ ಕಡೆ ತಿರುಗಿದಳು. ಬೈಯಲಿಲ್ಲ, ಹೊಡೆಯಲಿಲ್ಲ. "ನಾಳಿ ಬಂಡಿ ಹೂಡಸ್ತೇನಿ. ನೀನೂ ಬಾ. ಅಲ್ಲಿ ನಿನ್ನ ಬಾಯಿಲೇ ಹೇಳು" ಅಂದಳು.

ಬಂಡಿ ಹೊರಟದ್ದು ಅಂದೋಲಾಕ್ಕೆ, ಆದರೆ ದಾರಿಯುದ್ದಕ್ಕೂ ಹುಡುಗಿ ಮಾವನ ಊರಿಗೇ ಹೊರಟಿದ್ದೇವೆಂದು ತಿಳಿದಿದ್ದಳು. ಹರಿಗೋಲಿನಲ್ಲಿ ಭೀಮಾ ನದಿ ದಾಟುವಾಗ ಅತ್ತೆ ನನ್ನನ್ನೇ ನೋಡುತ್ತಿದ್ದಳು. ಅಲ್ಲಿ, ಅಂಬಿಗನ ಎದುರಿಗೇ, ನಾನು ಹೇಳಿದೆ. "ಮಾಮಾ ಬಂದಿಲ್ಲ. ಬರ್ತೀನಂತ ಯಾರೂ ಹೇಳಿಲ್ಲ. ನಾ ಸುಳ್ಳ ಹೇಳೀನಿ."

"ಸತ್ತಾನೇನು?" ಅಂದಳು ಹುಡುಗಿ.

"ಗೊತ್ತಿಲ್ಲ."

ಅವಳು ನನ್ನ ಪಕ್ಕದಿಂದ ಎದ್ದು ಹೋಗಿ ಅತ್ತೆಯ ಮಗ್ಗುಲಲ್ಲಿ ಕೂತಳು.

ಅಂದೋಲಾದ ಆ ಹೆಂಗಸಿನ ಮುಂದೆ ಮತ್ತೆ ಅದನ್ನೇ ಹೇಳಬೇಕಾಯಿತು. ಅವಳು ನನ್ನನ್ನು ದಿಟ್ಟಿಸಿ ನೋಡಿ, "ಇಬ್ಬರಿಗೂ ಹೊದ್ದುಕೊಳ್ಳಾಕಂತ ಎರಡು ಕೌದಿ ಹೊಲದಿದ್ದೆ. ಒಂದನ್ನ ಮಡಚಿ ಇಟ್ಟಾಗ ನನ್ನ ಜೀವಕ್ಕ ಹ್ಯಾಂಗಾಗಿತ್ತು, ಗೊತ್ತೇನು ನಿನಗ?" ಅಂದಳು. ಆಮೇಲೆ ದೊಡ್ಡವಳ ಕೈ ಹಿಡಿದು ಒಳಗೆ ಕರೆದುಕೊಂಡು ಹೋದಳು. ಚಿಕ್ಕ ಮಗು ಅಕ್ಕನನ್ನು ಕಂಡು ಹೊಸ ತಾಯಿಯ ಸೀರೆಯೊಳಗೆ ಮುಖ ಮುಚ್ಚಿಕೊಂಡಿತು. ಎರಡು ತಿಂಗಳಿಗೇ ಗುರುತು ಮರೆತಿತ್ತು. ಅಕ್ಕ ನೆಲಕ್ಕೆ ಕೂತು ಅದರ ಹೆಸರು ಹಿಡಿದು ಮೆಲ್ಲಗೆ ಕರೆಯುತ್ತಲೇ ಇದ್ದಳು. ನಾವು ಹೊರಡುವವರೆಗೂ ಅದು ಅವಳ ಹತ್ತಿರ ಹೋಗಲಿಲ್ಲ. ಮರುವಾರ ಹೋಯಿತಂತೆ, ಆಮೇಲೆ ಅಕ್ಕನನ್ನು ಬಿಟ್ಟಿರುತ್ತಿರಲಿಲ್ಲವಂತೆ. ಅದನ್ನು ಆ ಕಡೆಯಿಂದ ಬಂದವರ ಬಾಯಿಂದ ಕೇಳಿದೆ.

ನಮ್ಮ ಮನೆಗೆ ಮುಂದೆಯೂ ಮಕ್ಕಳು ಬಂದವು. ನಾನೇ ಅವಕ್ಕೆ ನೀರೆರೆದೆ, ಉಣ್ಣಿಸಿದೆ, ಬೆಳಗಿನ ಜಾವಕ್ಕೆ ಎದ್ದು ಬೀಸಿದೆ. ಆದರೆ ಮಗುವನ್ನು ಕೇಳಿಕೊಂಡು ಯಾರಾದರೂ ಬಂದರೆ ಅತ್ತೆ, "ನೀ ಒಳಗ ಹೋಗು" ಅನ್ನುತ್ತಿದ್ದಳು. ನಾನು ಯಾಕೆಂದು ಕೇಳದೆ ಎದ್ದು ಒಳಗೆ ಹೋಗುತ್ತಿದ್ದೆ.